ತೆಂಗಿನ ಸೀಮೆಯಲ್ಲಿ ಹೆಂಗಸರ ಬ್ಯಾಚು

ತಿಪಟೂರಿನಲ್ಲಿ ನನ್ನ ಮೊದಲ ಬೆಳಗು ಗಾಬರಿಯಿಂದ ಶುರುವಾಯಿತು. ಇನ್ನೂ ಹಾಸಿಗೆಯಲ್ಲಿದ್ದೆ. ತಲೆಯ ಮೇಲೆ ಯಾರೋ ಕಲ್ಲುಗುಂಡುಗಳನ್ನು ಉರುಳಿಸುತ್ತಿದ್ದಾರೆ ಎನ್ನುವಂಥ ಸದ್ದು. ನಮ್ಮ ಬಿಜಾಪುರದ ಮಾಳಿಗೆಯ ಮೇಲೆ ಹೆಚ್ಚೆಂದರೆ ಬೆಕ್ಕು ಓಡಾಡುತ್ತದೆ, ಮೆಣಸಿನಕಾಯಿ ಒಣಗುತ್ತದೆ. ಮನೆಯೇ ಬೀಳುತ್ತಿದೆ ಎಂದುಕೊಂಡು ಬರಿಗಾಲಲ್ಲಿ ಅಂಗಳಕ್ಕೆ ಓಡಿದೆ. ಮನೆಯೊಡತಿ ಗೌರಮ್ಮ ನೀರು ಚಿಮುಕಿಸುತ್ತಿದ್ದರು.

"ಯಾಕಮ್ಮ ಸುವರ್ಣ, ಹಿಂಗೆ ಓಡ್ಬಂದೆ?"

"ಮ್ಯಾಲೆ ಏನೋ ಬೀಳಾಕತ್ತೈತ್ರಿ."

ನನ್ನ ಮಾತು ಅವರಿಗೆ ಪೂರ್ತಿ ತಿಳಿಯಲಿಲ್ಲ, ಮೇಲೆ ತೋರಿಸಿದ ಬೆರಳು ತಿಳಿಯಿತು. "ನಮ್ಮನೆಯೋರು ಅಟ್ಟದಾಗೆ ಕಾಯಿ ತಿರುವಿ ಹಾಕ್ತಾವ್ರೆ ಕಣಮ್ಮ. ಬೀಳಲ್ಲ ಬುಡು."

ಇಲ್ಲಿಯ ಹಳೆಯ ಮನೆಗಳಲ್ಲಿ ಸೂರಿನ ಕೆಳಗೆ ಮರದ ಅಟ್ಟ ಕಟ್ಟಿರುತ್ತಾರೆ. ಅದರ ಮೇಲೆ ತೆಂಗಿನಕಾಯಿಗಳನ್ನು ಸಿಪ್ಪೆಯ ಸಮೇತ ಸುಮಾರು ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ನಾವು ಅಂಗಡಿಯಿಂದ ತಂದು ತುರಿದುಕೊಳ್ಳುವ ಒಣಕೊಬ್ಬರಿ ಹೀಗೆ ಆಗುತ್ತದೆ ಎಂಬುದು ಮೂವತ್ತು ವರ್ಷ ಅದನ್ನು ತಿಂದ ನನಗೆ ಗೊತ್ತಿರಲಿಲ್ಲ. ಸಾವಿರಾರು ಕಾಯಿಗಳ ಕೆಳಗೆ ಇನ್ನು ಮುಂದೆ ದಿನಾ ಮಲಗಬೇಕಲ್ಲ ಎಂದು ಅಂದು ಬಹಳ ಹೊತ್ತು ಮೇಲೆಯೇ ನೋಡುತ್ತ ಕೂತಿದ್ದೆ.

ನಾನು ಇಲ್ಲಿಗೆ ಬಂದದ್ದು ಜಿಮ್ ಕೆಲಸಕ್ಕೆ. ಕಾಲೇಜಿನಲ್ಲಿ ವೇಟ್‌ಲಿಫ್ಟಿಂಗ್ ಮಾಡಿದವಳು. ಓದು ಮುಗಿದ ಮೇಲೆ ಹುಬ್ಬಳ್ಳಿಯ ಜಿಮ್ ಒಂದರ ಬಾಗಿಲ ಬಳಿ ಕೂತು ಬಂದವರ ಹೆಸರು ಬರೆದುಕೊಳ್ಳುತ್ತಿದ್ದೆ. ನಾಲ್ಕು ವರ್ಷದಲ್ಲಿ ಪರೀಕ್ಷೆ ಕಟ್ಟಿ ಟ್ರೈನರ್ ಆದೆ. ಮಾಲೀಕರು ತಿಪಟೂರಿನಲ್ಲಿ ಶಾಖೆ ತೆರೆದಾಗ ನನ್ನನ್ನು ಕರೆದರು. "ಅಲ್ಲಿ ಹೆಂಗಸರ ಬ್ಯಾಚು ನೀ ಕಟ್ಟು. ನಿಂತರ ಅದರ ಹೊಣೆ ಎಲ್ಲಾ ನಿಂದ," ಎಂದರು. ನಿಲ್ಲದಿದ್ದರೆ ಏನು ಎಂದು ಅವರು ಹೇಳಲಿಲ್ಲ.

ಮನೆ ಹುಡುಕುವಾಗಲೇ ಮೊದಲ ಪೆಟ್ಟು ಬಿತ್ತು. ಒಂಟಿ ಹೆಂಗಸು, ಜಿಮ್ ಕೆಲಸ ಎಂದಕೂಡಲೇ ಮೂರು ಮನೆಗಳವರು ಕೋಣೆ ಖಾಲಿಯಿಲ್ಲ ಎಂದರು. ನಾಲ್ಕನೆಯದು ಗೌರಮ್ಮನದು. ಆಕೆಗೆ ಐವತ್ತೇಳು. ಗಂಡ ನಂಜುಂಡಪ್ಪನವರ ಜತೆ ದಂಡಿನಶಿವರದ ಕಡೆಯ ತೋಟ ನೋಡಿಕೊಂಡು, ಕೊಬ್ಬರಿ ಮಾಡಿಕೊಂಡು ಬಾಳಿದವರು. ನನ್ನ ಕೆಲಸ ಏನೆಂದು ಕೇಳಿದರು. ಭಾರ ಎತ್ತುವುದನ್ನು ಕಲಿಸುತ್ತೇನೆ ಎಂದೆ.

"ಅದನ್ನ ಕಲ್ಯಕ್ಕೆ ಜನ ದುಡ್ಡು ಬೇರೆ ಕೊಡ್ತಾರಾ?" ಎಂದು ಜಗುಲಿಯ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಕೀಲಿಕೈ ಕೊಟ್ಟರು.

ಇಬ್ಬರೂ ಆಡುತ್ತಿದ್ದುದು ಕನ್ನಡವೇ. ಆದರೂ ಮೊದಲ ತಿಂಗಳು ನಾನು ಪರದೇಶದಲ್ಲಿದ್ದಂತೆ ಇದ್ದೆ. ಅಂಗಡಿಯಲ್ಲಿ ಕಾಯಿಪಲ್ಯ ಕೇಳಿದರೆ ಎರಡು ತೆಂಗಿನಕಾಯಿ ಎದುರಿಗಿಟ್ಟು, ಪಲ್ಯ ಹೋಟೆಲಿನಲ್ಲಿ ಸಿಗುತ್ತದೆ ಎಂದರು. ನಮ್ಮ ಕಡೆ ಕಾಯಿಪಲ್ಯ ಎಂದರೆ ತರಕಾರಿ. ಇಲ್ಲಿ ಕಾಯಿ ಎಂದರೆ ಒಂದೇ ಕಾಯಿ. ಜಿಮ್ಮಿನಲ್ಲಿ ನನಗೆ ಮೊದಲು ಸಿಕ್ಕವರು ಶೈಲಜಾ ಟೀಚರ್, ಕಿಬ್ಬನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಶಾಲಾ ಶಿಕ್ಷಕಿ. ಅವರು ಚೆನ್ನಾಗಿ ಕುಕ್ಕರಗಾಲಲ್ಲಿ ಕೂತು ಎದ್ದಾಗ ನಾನು ಖುಷಿಯಿಂದ "ಭಾಳ ಚಲೋ" ಎಂದೆ. ಅವರು ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟರು. ಚಲೋ ಎಂದರೆ ಹಿಂದಿಯಲ್ಲಿ ಹೊರಡೋಣ ಎಂದಂತೆ ಅವರಿಗೆ ಕೇಳಿಸಿತ್ತು.

ಅವರೊಬ್ಬರು, ಬ್ಯಾಂಕಿನ ಅಧಿಕಾರಿಯೊಬ್ಬರು. ಬ್ಯಾಚು ಎಂದರೆ ಅಷ್ಟೇ. ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಆರಕ್ಕೆ ಹೆಂಗಸರು ಸಾಲಾಗಿ ಬರುತ್ತಿದ್ದರು. ಇಲ್ಲಿ ಆರಕ್ಕೆ ಬಾಗಿಲು ತೆರೆದು ಕೂತರೆ ಕನ್ನಡಿಯಲ್ಲಿ ನನ್ನ ಮುಖವೇ ನನಗೆ ಜೊತೆ. ಭಾನುವಾರ ರೊಟ್ಟಿ ಬಡಿದುಕೊಂಡು ಒಬ್ಬಳೇ ತಿನ್ನುವಾಗ ಅವ್ವನಿಗೆ ಫೋನು ಮಾಡುತ್ತಿದ್ದೆ. "ಎಲ್ಲಾ ಬರೋಬ್ಬರಿ ಐತಿ," ಎನ್ನುತ್ತಿದ್ದೆ. ಸುಳ್ಳು.

ಜನ ಬಾರದಿದ್ದರೆ ನಾನೇ ಹೋಗೋಣವೆಂದು ಒಂದು ದಿನ ಊರಾಚೆ ಕಾಯಿ ಸುಲಿಯುವ ಶೆಡ್ಡಿಗೆ ಹೋದೆ. ಹೆಂಗಸರು ಒಣಗಿದ ಕಾಯಿ ಒಡೆದು ಕೊಬ್ಬರಿಯ ಉಂಡೆ ಬೇರೆ, ಚಿಪ್ಪು ಬೇರೆ ಮಾಡುತ್ತಿದ್ದರು. ಅವರ ಮುಂದೆ ನಿಂತು, ವ್ಯಾಯಾಮ ಮಾಡಿದರೆ ಶಕ್ತಿ ಬರುತ್ತದೆ ಎಂದು ಹುಬ್ಬಳ್ಳಿಯಲ್ಲಿ ಕಲಿತ ಭಾಷಣ ಒಪ್ಪಿಸಿದೆ. ಒಬ್ಬಾಕೆ ಎದ್ದು, ತುಂಬಿದ ಚೀಲವೊಂದನ್ನು ನನ್ನ ಕಾಲ ಬಳಿ ತಂದಿಟ್ಟರು.

"ಎತ್ತಮ್ಮ ನೋಡಾನ."

ಎತ್ತಿದೆ. ಎತ್ತಲು ಬರುತ್ತದೆ ನನಗೆ.

"ಚೆನ್ನಾಗಿ ಎತ್ತಿದೆ ಕಣಮ್ಮ. ಸಂಜೆಗಂಟ ಇದನ್ನೇ ಎತ್ತು. ಆಮೇಲೆ ನಮ್ಗೆ ಶಕ್ತಿ ಕೊಡಕ್ಕೆ ಬಾ," ಎಂದು ಆಕೆ ತನ್ನ ಜಾಗಕ್ಕೆ ಹೋಗಿ ಕೂತರು. ಕೂರುವಾಗ ಸೊಂಟಕ್ಕೆ ಕೈ ಕೊಟ್ಟುಕೊಂಡರು. ಯಾರೂ ನಗಲಿಲ್ಲ, ಅದೇ ಹೆಚ್ಚು ನಾಟಿತು. ದಾರಿಯುದ್ದಕ್ಕೂ ಆ ಸೊಂಟದ ಮೇಲಿನ ಕೈಯೇ ನನ್ನ ಕಣ್ಣ ಮುಂದೆ. ಇವರಿಗೆ ಶಕ್ತಿ ಕಡಿಮೆಯಿಲ್ಲ. ಆ ಶಕ್ತಿ ಖರ್ಚಾಗುವಾಗ ಮೈಯಲ್ಲಿ ಉಳಿಯುವ ನೋವಿಗೆ ಯಾರೂ ಏನೂ ಮಾಡಿಲ್ಲ. ಅದನ್ನು ನಾನು ಗೌರಮ್ಮನಲ್ಲಿ ದಿನಾ ನೋಡುತ್ತಿದ್ದೆ, ಗಮನಿಸಿರಲಿಲ್ಲ. ಆಕೆಯ ಬಲಭುಜ ಮೇಲೇಳುತ್ತಿರಲಿಲ್ಲ. ತಲೆ ಬಾಚಿಕೊಳ್ಳಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದರು.

"ಡಾಕ್ಟರಿಗೆ ತೋರ್ಸೀರೇನ್ರಿ?" ಎಂದು ಕೇಳಿದೆ.

"ತೋರ್ಸಿದೆ. ಏನೋ ಕೈ ಆಡ್ಸೋ ಚೀಟಿ ಬರ್ಕೊಟ್ರು. ಅದನ್ನ ಮಾಡ್ತಾ ಕೂತ್ರೆ ಕೆಲ್ಸ ಯಾರ್ ಮಾಡ್ತಾರೆ?"

ಚೀಟಿಯನ್ನು ಹುಡುಕಿಸಿದೆ. ಮತ್ತೊಮ್ಮೆ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿ ಯಾವುದು ಎಷ್ಟು ಮಾಡಬಹುದು ಎಂದು ಕೇಳಿಕೊಂಡು ಬಂದೆ. ಆಮೇಲೆ ದಿನಾ ಬೆಳಿಗ್ಗೆ ಅಂಗಳದ ಗೋಡೆಯ ಮೇಲೆ ಬೆರಳು ನಡೆಸುವುದು. ಬೆರಳು ಮುಟ್ಟಿದಲ್ಲಿಗೆ ಸೀಮೆಸುಣ್ಣದ ಗೆರೆ ಹಾಕಿದೆ. ಮೊದಲ ವಾರ ಗೆರೆ ಮೇಲೇರಲೇ ಇಲ್ಲ. ಆಕೆ ನೋವಿಗೆ ನನ್ನನ್ನೇ ಬೈದರು. ಎರಡನೇ ವಾರ ಅರ್ಧ ಗೇಣು ಏರಿತು. ಅದೇ ಹೊತ್ತಿಗೆ ಹುಬ್ಬಳ್ಳಿಯಿಂದ ಮಾಲೀಕರ ಫೋನು ಬಂತು: ಇನ್ನು ಎರಡು ತಿಂಗಳು ನೋಡುತ್ತೇನೆ, ಆಮೇಲೆ ಆ ಹೊತ್ತನ್ನು ಗಂಡಸರಿಗೆ ಕೊಟ್ಟು ನಿನ್ನನ್ನು ವಾಪಸ್ಸು ಬಾಗಿಲ ಬಳಿ ಹೆಸರು ಬರೆಯುವ ಮೇಜಿಗೆ ಕೂರಿಸಬೇಕಾಗುತ್ತದೆ.

ಫೋನು ಇಟ್ಟು ಅಂಗಳಕ್ಕೆ ಬಂದೆ. ಗೌರಮ್ಮನಿಗೆ ಹೇಳಿದೆ. ಆಕೆ ಗೋಡೆಯ ಮೇಲೆ ಬೆರಳು ನಡೆಸುತ್ತಲೇ ಕೇಳಿದರು: "ಎಷ್ಟೊತ್ತಿಗೆ ತೆಗೀತೀಯ ಬಾಗ್ಲು?"

"ಆರಕ್ಕೆ."

"ಆರಕ್ಕೆ ಕಸ ಗುಡಿಸ್ಬೇಕು, ಹಾಲು ಕರೀಬೇಕು, ತಿಂಡಿ ಆಗ್ಬೇಕು. ಆರಕ್ಕೆ ಯಾವಳು ಬತ್ತಾಳೆ? ಹನ್ನೊಂದಕ್ಕೆ ತೆಗಿ."

ನಾಲ್ಕು ವರ್ಷದ ಅನುಭವದಲ್ಲಿ ನನಗೆ ಹೊಳೆಯದಿದ್ದುದನ್ನು ಆಕೆ ಒಂದು ಮಾತಿನಲ್ಲಿ ಹೇಳಿದರು. ಹನ್ನೊಂದಕ್ಕೆ ಬಾಗಿಲು ತೆಗೆದೆ. ಬೋರ್ಡಿನಲ್ಲಿದ್ದ ತೆಳ್ಳಗಿನ ಹುಡುಗಿಯ ಚಿತ್ರ ತೆಗೆಸಿ, "ಭುಜ, ಸೊಂಟ, ಮಂಡಿ ಗಟ್ಟಿಯಾಗಲು" ಎಂದು ಬರೆಸಿದೆ. ಗೌರಮ್ಮ ಒಂದು ದಿನ ತಾವೇ ತುರುಬು ಕಟ್ಟಿಕೊಂಡು, ಅದಕ್ಕೆ ಹೂವನ್ನೂ ಮುಡಿದುಕೊಂಡು, ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದರು. ಮುಂದಿನ ಸೋಮವಾರ ಏಳು ಜನ ಬಂದರು. ಸೀರೆಯಲ್ಲೇ ಬಂದವರಿಗೆ ಸೀರೆಯಲ್ಲೇ ಮಾಡಿಸಿದೆ. ಹದಿನೈದು ದಿನದಲ್ಲಿ ಅವರೇ ಚೂಡಿದಾರ ಹಾಕಿಕೊಂಡು ಬಂದರು. ಎರಡು ತಿಂಗಳ ಕೊನೆಗೆ ಹಾಜರಿ ಪುಸ್ತಕದ ಫೋಟೋ ಹುಬ್ಬಳ್ಳಿಗೆ ಕಳಿಸಿದೆ. ಮಾಲೀಕರು "ಇನ್ನೊಂದು ತಾಸು ಬೇಕಾದ್ರ ತಗೋ," ಎಂದರು.

ಭುಜ ವಾಸಿಯಾಗಿ, ಡಾಕ್ಟರು ಒಪ್ಪಿದ ಮೇಲೆ ಗೌರಮ್ಮ ಭಾರಕ್ಕೆ ಕೈ ಹಾಕಿದರು. ಡೆಡ್‌ಲಿಫ್ಟ್ ಎಂದರೆ ನೆಲದ ಮೇಲಿನ ಕಬ್ಬಿಣದ ಸರಳನ್ನು ಎರಡು ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲುವುದು. ಚೀಲ ಎತ್ತಿ ಪಳಗಿದ ಆ ಬೆನ್ನಿಗೆ ಸರಿಯಾದ ವರಸೆಯನ್ನಷ್ಟೇ ನಾನು ಕೂಡಿಸಿದೆ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಎಪ್ಪತ್ತು ಕಿಲೋ ಎತ್ತುತ್ತಿದ್ದರು. ತುಮಕೂರಿನಲ್ಲಿ ಭಾರ ಎತ್ತುವ ಸ್ಪರ್ಧೆಯಿದೆ, ಹಿರಿಯ ಹೆಂಗಸರಿಗೂ ವಿಭಾಗವಿದೆ ಎಂದು ತಿಳಿದಾಗ ನಾನು ಅವರ ಹೆಸರು ಕೊಟ್ಟೆ. ಆಮೇಲೆ ಉಡುಪು ತೋರಿಸಿದೆ: ಮೈಗಂಟುವ ಒಂದೇ ತುಂಡಿನ ಬಟ್ಟೆ.

"ಇದನ್ನಾಕ್ಕಂಡು ನಾಕು ಜನದ ಮುಂದೆ ನಿಂತ್ಕಬೇಕಾ? ಆಗಲ್ಲ ಕಣಮ್ಮ."

ಸಂಘಟಕರಿಗೆ ಫೋನು ಮಾಡಿದೆ. ಒಳಗೆ ತೋಳು, ಕಾಲು ಮುಚ್ಚುವ ಬಿಗಿ ಉಡುಪು ಹಾಕಬಹುದು ಎಂದರು. ಆದರೂ ಗೌರಮ್ಮ ಒಪ್ಪಲಿಲ್ಲ. ಜಗುಲಿಯಲ್ಲಿ ಕೂತಿದ್ದ ನಂಜುಂಡಪ್ಪನವರು ಮಾತು ಕಡಿಮೆಯ ಮನುಷ್ಯ. ಹೆಂಡತಿಯ ಜಿಮ್ಮಿನ ಬಗ್ಗೆ ಅಲ್ಲಿವರೆಗೆ ಒಂದು ಮಾತೂ ಆಡಿರಲಿಲ್ಲ. ಅವರು ತಲೆ ಎತ್ತದೆ ಹೇಳಿದರು: "ಮೂವತ್ತು ವರ್ಸ ಚೀಲ ಎತ್ತಿದ್ದೀಯ. ಯಾರೂ ನೋಡ್ಲಿಲ್ಲ. ಈಗ ನೋಡ್ತೀವಿ ಅಂತಾವ್ರೆ. ಹೋಗು."

ತುಮಕೂರಿಗೆ ಅವರೂ ಬಂದರು, ಬಿಳಿ ಅಂಗಿ ಹಾಕಿಕೊಂಡು. ಬ್ಯಾಚಿನ ಹನ್ನೆರಡು ಹೆಂಗಸರೂ ಬಂದರು. ಸ್ಪರ್ಧೆಯಲ್ಲಿ ಒಬ್ಬರಿಗೆ ಮೂರು ಅವಕಾಶ. ಮೊದಲ ಸಲ ಗೌರಮ್ಮ ಅರವತ್ತೈದನ್ನು ಹೂವಿನಂತೆ ಎತ್ತಿ ತಟ್ಟನೆ ಕೆಳಗಿಟ್ಟರು. ಕೆಂಪು ದೀಪ ಹೊತ್ತಿತು, ಎತ್ತಿದ್ದು ಲೆಕ್ಕಕ್ಕಿಲ್ಲ. ತೀರ್ಪುಗಾರರು ಇಳಿಸು ಎನ್ನುವವರೆಗೆ ಹಿಡಿದು ನಿಲ್ಲಬೇಕಿತ್ತು. ನೂರು ಸಲ ಹೇಳಿದ್ದೆ. ಬದುಕಿಡೀ ಎತ್ತಿದ ಚೀಲವನ್ನು ಯಾರನ್ನೂ ಕೇಳದೆ ಇಳಿಸಿದವರಿಗೆ ಆ ಕ್ಷಣದಲ್ಲಿ ಅದು ಮರೆತಿತ್ತು.

ಬಂದು ಬೆಂಚಿನ ಮೇಲೆ ಕೂತರು. "ಮಾನ ಹೋಯ್ತು, ಸುವರ್ಣ," ಎಂದರು.

ನನ್ನ ಬಾಯಿಂದ ಬಂದದ್ದು ತಿಪಟೂರಿನ ಮಾತು, ನನಗೇ ಆಶ್ಚರ್ಯ. "ಏನೂ ಹೋಗಿಲ್ಲ ಬುಡಿ. ಎತ್ತಿ, ನನ್ ಮುಖ ನೋಡ್ಕಂಡ್ ನಿಂತ್ಕಳಿ. ಆವಯ್ಯ ಹೇಳಾಗಂಟ ಇಳಿಸ್ಬೇಡಿ."

ಎರಡನೇ ಸಲ ಎತ್ತಿದರು, ನಿಂತರು. ತೀರ್ಪುಗಾರರ ಕೈ ಇಳಿಯಿತು. ಮೂರೂ ಬಿಳಿ ದೀಪ ಹೊತ್ತಿದವು, ಲೆಕ್ಕಕ್ಕೆ ಬಂತು. ಮೂರನೆಯದಕ್ಕೆ ಎಪ್ಪತ್ತೈದು ಹಾಕಿಸಿದೆ. ಅಷ್ಟನ್ನು ಅವರು ಜಿಮ್ಮಿನಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ಸರಳು ಮಂಡಿಯ ಬಳಿ ಬಂದು ನಿಂತಿತು. ಆಮೇಲೆ ಅದು ಅಂಗುಲ ಅಂಗುಲವಾಗಿ ಏರಿ, ಭುಜ ಹಿಂದೆ ಸರಿದು, ಗೌರಮ್ಮ ನೆಟ್ಟಗೆ ನಿಂತು ನನ್ನನ್ನೇ ನೋಡಿದರು. ಅವರ ವಯಸ್ಸಿನ ವಿಭಾಗದಲ್ಲಿ ನಾಲ್ವರಿದ್ದರು. ಪದಕ ಗೌರಮ್ಮನಿಗೆ ಬಂತು. ನಂಜುಂಡಪ್ಪನವರು ಚಪ್ಪಾಳೆ ತಟ್ಟಲಿಲ್ಲ. ಎದ್ದು ನಿಂತರು, ಎಲ್ಲರೂ ಕೂತ ಮೇಲೂ ನಿಂತೇ ಇದ್ದರು.

ಈಗ ತಿಪಟೂರಿನ ಹೆಂಗಸರ ವಿಭಾಗದ ಪೂರ್ತಿ ಹೊಣೆ ನನ್ನದು. ವಾರಕ್ಕೆರಡು ದಿನ ತುರುವೇಕೆರೆ, ಎರಡು ದಿನ ಚಿಕ್ಕನಾಯಕನಹಳ್ಳಿ. ಶೈಲಜಾ ಟೀಚರ್ ಕಿಬ್ಬನಹಳ್ಳಿಯಲ್ಲಿ ಸಂಜೆ ಶಾಲೆಯ ಬಯಲಲ್ಲಿ ತಾವೇ ಕಲಿಸುತ್ತಾರೆ. ಆ ಶೆಡ್ಡಿನಲ್ಲಿ ಚೀಲ ತಂದಿಟ್ಟ ಹೆಂಗಸು ಕೆಲಸಕ್ಕೆ ಮೊದಲು ಹತ್ತು ನಿಮಿಷ ಎಲ್ಲರಿಗೂ ಸೊಂಟ ಸಡಿಲಿಸುವ ವ್ಯಾಯಾಮ ಮಾಡಿಸುತ್ತಾರೆ, ನಾನು ಅವರಿಂದ ಬೈಸಿಕೊಳ್ಳುತ್ತಲೇ ಕಲಿಸಿದ್ದು. ಮುದ್ದೆಯನ್ನು ಅಗಿಯದೆ ನುಂಗಲು ನಾನೂ ಕಲಿತಿದ್ದೇನೆ. ಗೌರಮ್ಮನಿಗೆ ರೊಟ್ಟಿ ಬಡಿಯಲು ಕಲಿಸಿದ್ದೇನೆ. ಆಕೆ ಅದಕ್ಕೂ ಕಾಯಿಚಟ್ನಿಯನ್ನೇ ಹಚ್ಚಿಕೊಳ್ಳುತ್ತಾರೆ.

ಹೋದ ತಿಂಗಳು ಬಿಜಾಪುರಕ್ಕೆ ಹತ್ತು ದಿನ ರಜೆಗೆ ಹೋಗಿದ್ದೆ. ಓಣಿಯ ತಿರುವಿನಲ್ಲೇ ಯಾರೋ "ತಿಪಟೂರಾಕಿ ಬಂದ್ಲು ನೋಡ್ರಿ," ಎಂದರು. ತಿಪಟೂರಿನಲ್ಲಿ ನಾನು ಇವತ್ತಿಗೂ ಬಿಜಾಪುರದ ಮೇಡಂ. ಅವ್ವ ನನ್ನ ಮಾತು ಕೇಳಿ ಕೇಳಿ ನಗುತ್ತಿದ್ದಳು. "ಬುಡು ಅಂದ್ರ ಏನವಾ? ಬಿಡು ಅನ್ನು," ಎಂದು ತಿದ್ದಿದಳು. ನಾನು ತಿದ್ದಿಕೊಂಡು ಮರುಗಳಿಗೆ ಮತ್ತೆ ಹಾಗೇ ಅಂದೆ. ಮನೆಯ ಸಾರಿಗೆ ಕಾಯಿ ಸಾಲದು ಎನಿಸಿತು. ಆದರೂ ಬೆಳಿಗ್ಗೆ ಎಚ್ಚರವಾದಾಗಲೆಲ್ಲ ಜೋಳದ ಹಿಟ್ಟಿನ ವಾಸನೆ ಹಿಡಿದು ಅವ್ವನ ಒಲೆಯ ಬಳಿ ಹೋಗಿ ಕೂರುತ್ತಿದ್ದೆ.

ಹೊರಡುವ ದಿನ ಅವ್ವ ಬಸ್ ನಿಲ್ದಾಣಕ್ಕೆ ಬಂದಳು. ನಮ್ಮ ಓಣಿಯ ಹಿರಿಯರೊಬ್ಬರು ಎದುರಾಗಿ, "ಎಲ್ಲಿಗಿ ಹೊಂಟಿ, ಸುವರ್ಣಾ?" ಎಂದು ಕೇಳಿದರು.

"ಮನೀಗ್ರಿ," ಎಂದೆ.

ಅಂದ ಮೇಲೆ ಗೊತ್ತಾಯಿತು. ಅವ್ವನ ಮುಖ ನೋಡುವ ಧೈರ್ಯವಾಗಲಿಲ್ಲ. ಬಸ್ಸು ಹತ್ತಿ ಕೂತ ಮೇಲೆ ಆಕೆ ಕಿಟಕಿಯಿಂದ ರೊಟ್ಟಿಯ ಗಂಟನ್ನು ನನ್ನ ಮಡಿಲಲ್ಲಿಟ್ಟಳು. "ಗೌರಮ್ಮಗೂ ಅದಾವ ಇದರಾಗ," ಎಂದಳು. ಬಸ್ಸು ಹೊರಟಿತು.