ತಗಡಿಗೆ ಕಟ್ಟಿದ ಹಗ್ಗ

ಪಕ್ಕದ ಮನೆಯ ಕಾಕು ಮಗ್ಗದ ಕಾರಖಾನೆಯಿಂದ ಮರಳುವಾಗ ಹುಬ್ಬು, ರೆಪ್ಪೆಗಳ ಮೇಲೆಲ್ಲ ಹತ್ತಿಯ ಧೂಳು ಕೂತಿರುತ್ತಿತ್ತು. ಅದನ್ನು ಒರೆಸಿಕೊಳ್ಳದೆಯೇ ನಮ್ಮ ಹೊಸ್ತಿಲಲ್ಲಿ ಕೂತು ಚಹಾ ಕೇಳುತ್ತಿದ್ದರು. ದಪ್ಪ ಮೈ, ದಪ್ಪ ದನಿ. ಪ್ರೀತಿ ಕನ್ನಡದಲ್ಲಿ, ಬೈಗುಳ ಮರಾಠಿಯಲ್ಲಿ. ನನ್ನ ಮಗಳು ಹುಟ್ಟಿದಾಗ ಎಣ್ಣೆ ಹಚ್ಚಿ ಎರೆದವರು ಅವರೇ.

ಇಚಲಕರಂಜಿಯ ನಮ್ಮ ಗಲ್ಲಿಯಲ್ಲಿ ಆಗ ಎಲ್ಲವೂ ತಗಡಿನ ಮನೆಗಳು. ಮಳೆಗಾಲಕ್ಕೆ ಮುಂಚಿನ ಗಾಳಿಗೆ ಸೂರು ಹಾರದಿರಲೆಂದು ತಗಡಿನ ಕೆಳಗಿನ ಪೈಪಿಗೆ ಹಗ್ಗ ಕಟ್ಟಿ ಇಳಿಬಿಡುತ್ತಿದ್ದೆವು. ಗಾಳಿ ಎದ್ದರೆ ಮನೆಮಂದಿಯೆಲ್ಲ ಅದಕ್ಕೆ ಜೋತುಬೀಳುವುದು. ನನ್ನ ಗಂಡ ಕೊಲ್ಹಾಪುರದ ಫೌಂಡ್ರಿಯಲ್ಲಿರುತ್ತಿದ್ದ. ಹಾಗಾಗಿ ಕಾಕು ತಮ್ಮ ಮನೆಯ ಹಗ್ಗವನ್ನು ಗಂಡನಿಗೆ ಒಪ್ಪಿಸಿ ನಮ್ಮದನ್ನು ಹಿಡಿಯಲು ಬರುತ್ತಿದ್ದರು.

‘ನಿನ್ನಂಥ ಕಡ್ಡಿ ಜೋತುಬಿದ್ರ ತಗಡಿಗೆ ಗೊತ್ತರ ಆಗ್ತದೇನವಾ? ಸರಿ ಅತ್ತಾಗ.’

ಆ ಮಧ್ಯಾಹ್ನ ಬಂದದ್ದು ಸುಂಟರಗಾಳಿ. ಎಂದಿನ ಗಾಳಿಯೇ ಎಂದುಕೊಂಡು ಗಲ್ಲಿಯವರೆಲ್ಲ ಹಗ್ಗ ಹಿಡಿದರು. ನಾನು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಒಂದು ಕೈಯಲ್ಲಿ ಹಿಡಿದಿದ್ದೆ. ಪೈಪು ಗೋಡೆಯಿಂದ ಕಿತ್ತುಬಂತು. ನನ್ನ ಕಾಲುಗಳು ನೆಲ ಬಿಟ್ಟವು. ಜೊತೆಗೆ ಜೋತುಬಿದ್ದಿದ್ದ ಕಾಕು ನನ್ನ ಮಣಿಕಟ್ಟಿಗೆ ಹೊಡೆದರು.

‘ಬಿಡ. ಕೂಸಿನ್ನ ತಗೊಂಡು ಹೊರಸಿನ ಬುಡಕ ಹೋಗ.’

‘ನೀವೂ ಬಿಡ್ರೀ ಕಾಕು.’

‘ನಾ ಬಿಟ್ರ ತಗಡ ನಿಮ್ಮ ಮ್ಯಾಲೇ ಬೀಳ್ತದ. ಲಗೂನ ಹೋಗ, ಲವಕರ.’

ಹೋದೆ. ಹೊರಸು ಮಂಚದ ಕೆಳಗಿಂದ ಅವರ ಪಾದಗಳು ಕಾಣುತ್ತಿದ್ದವು. ಆಮೇಲೆ ಕಾಣಲಿಲ್ಲ. ಮನೆಯೊಳಗೆ ಬೆಳಕು ಬಂತು.

ಗಲ್ಲಿಯಲ್ಲಿ ಸತ್ತವರು ಹೆಚ್ಚಾಗಿ ಹಗ್ಗ ಹಿಡಿದವರೇ. ಕಾಕು ಕಾರಖಾನೆಯ ಹಿಂದೆ ಸಿಕ್ಕರು. ಹಗ್ಗ ಕೈಗೆ ಸುತ್ತಿಕೊಂಡೇ ಇತ್ತು. ಅವರ ಮನೆಯ ತಗಡು ಮಾತ್ರ ಇದ್ದ ಹಾಗೇ ಇತ್ತು. ನಾನು ಅಳಲಿಲ್ಲ. ಮಗಳ ಕೂದಲಿನ ಮಣ್ಣು ತೊಳೆದೆ. ಚಹಾ ಮಾಡಿದೆ, ಕಾಕುವಿನ ಕಪ್ಪಿಗೂ ಸುರಿದೆ.

ಪಂಚನಾಮೆಗೆ ಬಂದ ಸಾಹೇಬರು ಕಾಕುವಿನ ಗಂಡನನ್ನು ಕೇಳಿದರು, ‘ದೋರಿ ಸೋಡಲಿ ಕಾ ನಾಹೀ?’ ಹಗ್ಗ ಯಾಕೆ ಬಿಡಲಿಲ್ಲ ಎಂದು.

ಅವರು ಕನ್ನಡದಲ್ಲೇ ಹೇಳಿದರು, ‘ಹಿಡ್ಯಾಕ ಅಷ್ಟ ಕಲ್ತೇವ್ರಿ ಸಾಹೇಬ್ರ.’

ಈಗ ನಮ್ಮ ಮನೆಗೆ ಸ್ಲ್ಯಾಬ್ ಇದೆ. ಮಗಳು ಶಾಲೆಗೆ ಹೋಗುತ್ತಾಳೆ. ಅವಳಿಗೆ ಕಾಕು ಒಂದಿಷ್ಟೂ ನೆನಪಿಲ್ಲ. ಅದೊಂದು ನನಗೆ ಸಹಿಸಲಾಗುವುದಿಲ್ಲ. ಗಾಳಿ ಎದ್ದಾಗ ನಾನು ನಡುಮನೆಯಲ್ಲಿ ಬಲಗೈ ಮೇಲೆತ್ತಿ ಮುಷ್ಟಿ ಕಟ್ಟಿ ನಿಂತಿರುತ್ತೇನಂತೆ. ನನಗೆ ತಿಳಿಯುವುದಿಲ್ಲ. ಅವಳು ಬಂದು ಬೆರಳುಗಳನ್ನು ಬಿಡಿಸುತ್ತಾಳೆ.

‘ಬಿಡ ಅವ್ವಾ,’ ಅನ್ನುತ್ತಾಳೆ.