ಭಾವಮೈದನಿಗೆ ನಾನು ಕೊಡಿಸಿದ ಬೈಕು

ಹೊಸದಾಗಿ ಗಾಡಿ ಕಲಿಯುವವರು ಯಾರೋ ಓಡಿಸಿ ಬಿಟ್ಟ ಸ್ಪೋರ್ಟ್ಸ್ ಬೈಕ್ ಕೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ ಉತ್ತರಕ್ಕೆ ನಾನು ತಡಕಾಡಬೇಕಾಗಿಲ್ಲ. ಶಿಕಾರಿಪುರದಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಬೇಡ ಎನ್ನುತ್ತೇನೆ. ಸೀಟು ಎತ್ತರ, ಹ್ಯಾಂಡಲ್ ತಗ್ಗು, ಮೈಭಾರವೆಲ್ಲ ಮುಂಗೈಗೆ ಬೀಳುತ್ತದೆ. ಆಕ್ಸಿಲರೇಟರನ್ನು ಒಂದು ಕೂದಲಿನಷ್ಟು ಹೆಚ್ಚು ತಿರುವಿದರೂ ಗಾಡಿ ಕೈಬಿಟ್ಟು ಹೋದಂತೆ ನುಗ್ಗುತ್ತದೆ. ಮುಂದಿನ ಬ್ರೇಕನ್ನು ಎರಡು ಬೆರಳಲ್ಲಿ ಮುಟ್ಟಬೇಕು. ಹೊಸಬ ಹೆದರಿಕೆಯಲ್ಲಿ ಇಡೀ ಮುಷ್ಟಿಯಲ್ಲಿ ಹಿಂಡುತ್ತಾನೆ. ಕೇಳಿದವರಿಗೆಲ್ಲ ಇಷ್ಟನ್ನೂ ಬಿಡಿಸಿ ಹೇಳಿ ವಾಪಸ್ ಕಳಿಸಿದ್ದೇನೆ. ಒಬ್ಬನಿಗೆ ಮಾತ್ರ ‘ಆಗುತ್ತೆ’ ಎಂದೆ. ಅವನು ನನ್ನ ಹೆಂಡತಿಯ ತಮ್ಮ.

ಅವನು ಮೇಷ್ಟ್ರು. ಸೊರಬದಲ್ಲಿ ತಾಯಿಯ ಜೊತೆ ವಾಸ, ಕುಪ್ಪಗಡ್ಡೆಯಿಂದ ಆಚೆ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ. ಹನ್ನೊಂದು ವರ್ಷ ಬಸ್ಸಿನಲ್ಲೇ ಓಡಾಡಿದವನು. ಸಣ್ಣ ಮೈಕಟ್ಟು, ಎಣ್ಣೆ ಹಚ್ಚಿ ಬಾಚಿದ ತಲೆ, ಜೇಬಿನಲ್ಲಿ ಎರಡು ಪೆನ್ನು. ಅವನ ಅಕ್ಷರ ಮಾತ್ರ ಮುತ್ತು. ಸುತ್ತಲಿನ ಶಾಲೆಗಳವರು ಬಹುಮಾನದ ಪತ್ರಗಳಲ್ಲಿ ಹೆಸರು ಬರೆಸಲು ಅವನ ಹತ್ತಿರವೇ ತರುತ್ತಿದ್ದರು.

ನಾನು ಅವನ ಮೇಲೆ ಆರು ವರ್ಷದಿಂದ ಹಲ್ಲು ಮಸೆಯುತ್ತಿದ್ದೆ. ಕಾರಣ ಕೇಳಿದರೆ ನಗು ಬರಬಹುದು. ಗ್ಯಾರೇಜನ್ನು ಬಾಡಿಗೆಯ ತಗಡಿನ ಶೆಡ್ಡಿನಿಂದ ಸ್ವಂತ ಕಟ್ಟಡಕ್ಕೆ ತಂದ ದಿನ ದೊಡ್ಡ ಬೋರ್ಡು ಹಾಕಿಸಿದ್ದೆ: ‘ದ್ವಿಚಕ್ರ ವಾಹನ ದುರಸ್ಥಿ ಕೇಂದ್ರ.’ ಪೂಜೆ ಮುಗಿದು ಎಲ್ಲರೂ ಕೇಸರಿಬಾತು ತಿನ್ನುತ್ತಾ ನಿಂತಿದ್ದರು. ಅವನು ಕತ್ತೆತ್ತಿ ನೋಡಿ, ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ, “ಭಾವ, ಇದು ತಪ್ಪಾಗಿದೆ. ದುರಸ್ತಿ. ಅಲ್ಲಿ ಮಹಾಪ್ರಾಣ ಬರೋದಿಲ್ಲ,” ಎಂದ.

ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಅಲ್ಲಿದ್ದ ನನ್ನ ಗೆಳೆಯನೊಬ್ಬ, ಪಕ್ಕದ ಟೈರ್ ಪಂಕ್ಚರ್ ಅಂಗಡಿಯವನು, ಅವತ್ತಿನಿಂದ ನನ್ನನ್ನು ‘ಮಹಾಪ್ರಾಣ’ ಎಂದೇ ಕರೆಯತೊಡಗಿದ. ಅವನಿಂದ ಆ ಹೆಸರು ಚಹಾ ಅಂಗಡಿಗೆ ಹೋಯಿತು, ಅಲ್ಲಿಂದ ಬಸ್ ಸ್ಟ್ಯಾಂಡಿಗೆ. ಗುರುತೇ ಇಲ್ಲದವರು ಬಂದು, “ಮಹಾಪ್ರಾಣ ಅವ್ರ ಗ್ಯಾರೇಜ್ ಇದೇ ಏನ್ರೀ?” ಎಂದು ಕೇಳುತ್ತಿದ್ದರು. ಹತ್ತನೇ ತರಗತಿ ಮುಗಿಸದವನಿಗೆ ಅದು ಎಲ್ಲಿ ಚುಚ್ಚುತ್ತದೆ ಎಂಬುದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅವನು ಆ ಮಾತು ಆಡಿದ್ದನ್ನೇ ಮರೆತಿದ್ದ. ಅವನು ಮರೆತದ್ದಕ್ಕೇ ನನಗೆ ಇನ್ನೂ ಸಿಟ್ಟು.

ಆ ಬೈಕು ನನ್ನ ಹತ್ತಿರ ಬಂದದ್ದು ಮಾರಾಟಕ್ಕೆ. ಶಿರಾಳಕೊಪ್ಪದ ಕಡೆಯ ಒಬ್ಬ ಕಾಲೇಜು ಹುಡುಗ ಐದಾರು ವರ್ಷ ಅಪರೂಪಕ್ಕೆ ಓಡಿಸಿ, ಒಂದೂವರೆ ವರ್ಷ ಮನೆಯ ಹಿಂದೆ ಬಿಸಿಲಲ್ಲಿ ನಿಲ್ಲಿಸಿ, ನೀವೇ ಯಾರಿಗಾದರೂ ಕೊಡಿ ಎಂದು ಬಿಟ್ಟುಹೋಗಿದ್ದ. ಕೆಂಪು ಬಣ್ಣ, ಚೂಪು ಮೂತಿ. ತೊಳೆದು ಪಾಲಿಶ್ ಹಾಕಿದ ಮೇಲೆ ಅಂಗಡಿ ಮುಂದೆ ಹೊಸದರ ಹಾಗೆ ನಿಂತಿತ್ತು.

ಅಕ್ಕನನ್ನು ನೋಡಲು ಬಂದ ಮೇಷ್ಟ್ರು ಗ್ಯಾರೇಜಿಗೂ ಬಂದ. ಬೈಕನ್ನು ಒಂದು ಸುತ್ತು ಹಾಕಿದ. ಇನ್ನೊಂದು ಸುತ್ತು ಹಾಕಿದ. ಟ್ಯಾಂಕಿನ ಮೇಲೆ ಕೈ ಇಟ್ಟು, ಯಾರಾದರೂ ಬೈದಾರು ಎಂಬಂತೆ ತಕ್ಷಣ ತೆಗೆದ. ಹೋಗಿ, ಮುಂದಿನ ಭಾನುವಾರ ಮತ್ತೆ ಬಂದ. ಈ ಸಲ ಒಂದು ನೋಟ್‌ಬುಕ್ ತಂದಿದ್ದ. ಹಳೇ ಗಾಡಿ ಕೊಳ್ಳುವ ಮುಂಚೆ ಏನೇನು ನೋಡಬೇಕು ಎಂದು ಮೊಬೈಲಿನಲ್ಲಿ ಓದಿ, ಆ ಮುತ್ತಿನ ಅಕ್ಷರದಲ್ಲಿ ಪಟ್ಟಿ ಮಾಡಿಕೊಂಡಿದ್ದ. ಚೈನು ನೋಡಿದ, ಟಿಕ್ ಹಾಕಿದ. ಎಣ್ಣೆ ಸೋರಿದೆಯೇ ಎಂದು ಬಗ್ಗಿ ನೋಡಿದ, ಟಿಕ್ ಹಾಕಿದ. ಟೈರಿನ ಗೀರುಗಳ ಸಂದಿನಲ್ಲಿ ಒಂದು ನಾಣ್ಯ ತೂರಿಸಿ ಆಳ ಅಳೆದ.

“ಟೈರು ಚೆನ್ನಾಗಿದೆ ಅಲ್ವಾ ಭಾವ? ಸವೆದೇ ಇಲ್ಲ.”

ಸವೆದಿರಲಿಲ್ಲ, ನಿಜ. ಆದರೆ ಬಿಸಿಲಲ್ಲಿ ನಿಂತು ರಬ್ಬರು ಕಲ್ಲಾಗಿತ್ತು. ಉಗುರು ಒತ್ತಿದರೆ ಒಂದು ಗೆರೆಯೂ ಬೀಳುತ್ತಿರಲಿಲ್ಲ. ಅಂಥ ಟೈರು ನೋಡಲು ಹೊಸದು, ರಸ್ತೆಯ ಮೇಲೆ ಸಾಬೂನು. ಇದನ್ನು ನಾನು ಗಾಡಿ ಬಂದ ದಿನವೇ ನೋಡಿದ್ದೆ. ಬದಲಾಯಿಸಬೇಕು ಎಂದುಕೊಂಡೂ ಇದ್ದೆ.

“ಚೆನ್ನಾಗೈತಿ ಮೇಷ್ಟ್ರೇ,” ಎಂದೆ.

ಅವನು ಟಿಕ್ ಹಾಕಿ ನೋಟ್‌ಬುಕ್ ಮುಚ್ಚಿದ. ಆಮೇಲೆ ಕೇಳಿದ: “ನಾನು ಸೈಕಲ್ ಬಿಟ್ರೆ ಬೇರೆ ಏನೂ ಓಡ್ಸಿಲ್ಲ. ನನ್ನಂಥ ಹೊಸಬ್ರಿಗೆ ಇದು ಆಗ್ತದಾ ಭಾವ? ನೀವು ಬೇಡ ಅಂದ್ರೆ ಬೇಡ.”

ಪಂಕ್ಚರ್ ಅಂಗಡಿಯ ಗೆಳೆಯ ಪಕ್ಕದಲ್ಲೇ ನಿಂತು ಕೇಳುತ್ತಿದ್ದ. ನಾನು ಏನು ಹೇಳುತ್ತೇನೆ ಎಂದು ಅವನು ನನ್ನ ಮುಖ ನೋಡಿದ. ನನ್ನ ಕಣ್ಣ ಮುಂದೆ ಮೇಷ್ಟ್ರು ಈ ಗಾಡಿಯ ಮೇಲೆ ಕೂತು ಊರ ನಡುವೆ ಬಿದ್ದು, ಕಾಲು ಮೇಲಾಗಿ, ಎಲ್ಲರೂ ನಗುವ ಚಿತ್ರ ಬಂತು. ಒಂದು ಸಲ ಬೀಳಲಿ, ಮಂಡಿ ತರಚಲಿ, ಅಷ್ಟೇ. ಅದಕ್ಕಿಂತ ಹೆಚ್ಚೇನೂ ನಾನು ಬಯಸಿರಲಿಲ್ಲ ಎಂದು ಬರೆಯಬೇಕು ಅನಿಸುತ್ತದೆ. ಖಂಡಿತವಾಗಿ ಹಾಗೆ ಹೇಳಲಾರೆ.

“ಆಗುತ್ತೆ ತಗೊಳ್ರಿ,” ಎಂದೆ. “ಇದ್ರಾಗೆ ಕಲ್ತೋರು ಯಾವ ಗಾಡಿ ಬೇಕಾದ್ರೂ ಓಡಿಸ್ತಾರೆ.”

ಕಲಿಸುವವನೂ ನಾನೇ. ಅವನು ಎಲ್‌ಎಲ್‌ಆರ್ ಮಾಡಿಸಿ, ಗಾಡಿಯ ಮುಂದೂ ಹಿಂದೂ ಕೆಂಪು ಬಣ್ಣದಲ್ಲಿ ‘ಎಲ್’ ಅಕ್ಷರ ಅಂಟಿಸಿದ. ನಮ್ಮ ಕಡೆ ಅದನ್ನು ಅಂಟಿಸಿಕೊಂಡವರನ್ನು ನಾನು ನೋಡಿದ್ದೇ ಇಲ್ಲ. ಭಾನುವಾರ ಬೆಳಿಗ್ಗೆ ಸಂತೆ ಮೈದಾನ ಖಾಲಿ ಇರುತ್ತದೆ, ಅಲ್ಲಿಗೇ ಕರೆದುಕೊಂಡು ಹೋದೆ. ಅದೇನು ಪೂರ್ತಿ ಖಾಲಿಯಲ್ಲ ಎಂಬುದು ನನಗೆ ಗೊತ್ತಿತ್ತು. ಎದುರಿಗೆ ಚಹಾ ಅಂಗಡಿ, ಅಲ್ಲಿ ಭಾನುವಾರದ ಹರಟೆ ಮಂದಿ. ಪಂಕ್ಚರ್ ಅಂಗಡಿಯವನಿಗೆ ನಾನೇ ಬಾ ಎಂದಿದ್ದೆ.

ಮೇಷ್ಟ್ರಿಗೆ ಕಾಲು ನೆಲಕ್ಕೆ ಸರಿಯಾಗಿ ಎಟುಕುತ್ತಿರಲಿಲ್ಲ. ತುದಿಬೆರಳಲ್ಲಿ ನಿಲ್ಲಬೇಕು. ಕ್ಲಚ್ ಬಿಟ್ಟರೆ ಗಾಡಿ ಒಂದು ಎಗರು ಎಗರಿ ಆಫ್ ಆಗುತ್ತಿತ್ತು. ಮತ್ತೆ ಸ್ಟಾರ್ಟ್, ಮತ್ತೆ ಎಗರು. ಪ್ರತಿ ಸಲವೂ ಚಹಾ ಅಂಗಡಿಯಿಂದ ಒಂದು ‘ಹೋ’ ಬರುತ್ತಿತ್ತು. ಅಷ್ಟರಲ್ಲಿ ಮೈದಾನಕ್ಕೆ ಒಂದು ಕುರಿ ಮಂದೆ ಬಂತು. ಕುರಿಗಳು ಅವನ ಗಾಡಿಯ ಸುತ್ತ ಹರಿದು ಹೋಗುವವರೆಗೂ ಅವನು ಎರಡೂ ಬ್ರೇಕ್ ಹಿಡಿದು ಕಣ್ಣುಮುಚ್ಚಿ ಕೂತಿದ್ದ. ಕುರಿಯವನು, “ಬಿಡ್ರಿ ಮೇಷ್ಟ್ರೇ, ನಿಮ್ಗಿಂತ ಅವೇ ಜೋರು ಅದಾವೆ, ದಾಟ್ಕಂತಾವೆ,” ಎಂದ. ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತು.

“ಜೋರಾಗಿ ತಿರುವ್ರಿ ಮೇಷ್ಟ್ರೇ,” ಎಂದು ಕೂಗಿದೆ. “ಮಹಾಪ್ರಾಣ ಕೊಡ್ರಿ ಅದಕ್ಕೆ!”

ಅವನು ನಿಜವಾಗಿಯೂ ತಿರುವಿದ. ಗಾಡಿ ಹತ್ತು ಮಾರು ಹಾರಿ ಪಕ್ಕಕ್ಕೆ ಬಿತ್ತು, ಅವನ ಕಾಲು ಅದರಡಿ. ಪಂಕ್ಚರ್ ಅಂಗಡಿಯವನು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದ. ಮೇಷ್ಟ್ರು ಎದ್ದ, ಪ್ಯಾಂಟಿನ ಮಣ್ಣು ಕೊಡವಿಕೊಂಡ, ಜೇಬಿನಿಂದ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡ. ಇಣುಕಿ ನೋಡಿದೆ. ‘ಕ್ಲಚ್ ನಿಧಾನವಾಗಿ ಬಿಡಬೇಕು’ ಎಂದು ಬರೆದಿದ್ದ. ಅಕ್ಷರ ನಡುಗಿರಲಿಲ್ಲ.

ಆ ವಿಡಿಯೊ ಸಂಜೆಯೊಳಗೆ ಸೊರಬಕ್ಕೆ ಮುಟ್ಟಿತು. ಸೋಮವಾರ ಶಾಲೆಯ ಮಕ್ಕಳು ಮೇಷ್ಟ್ರ ಎದುರೇ ಎಗರಿ ಎಗರಿ ಬಿದ್ದು ತೋರಿಸಿದರಂತೆ. ನನ್ನ ಹೆಂಡತಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ನಾನು ಲೆಕ್ಕ ತೀರಿತು ಎಂದುಕೊಂಡೆ. ಅವನು ಗಾಡಿ ಬೇಡ ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಅವನು ಬೇಡ ಎನ್ನಲಿಲ್ಲ. ಪ್ರತಿ ಭಾನುವಾರ ಬಂದ. ಆರು ವಾರಕ್ಕೆ ಗಾಡಿ ಓಡಿಸಲು ಕಲಿತ, ಅಂದರೆ ನೇರ ರಸ್ತೆಯಲ್ಲಿ ಬೀಳದೆ ಹೋಗುವಷ್ಟು. ಲೈಸೆನ್ಸೂ ಬಂತು. ಮುಂದಿನ ಬ್ರೇಕನ್ನು ಎರಡು ಬೆರಳಲ್ಲಿ ಹಿಡಿಯಬೇಕು, ತಿರುವಿನಲ್ಲಿ ಹಿಡಿಯಲೇಬಾರದು ಎಂಬ ಒಂದು ಪಾಠವನ್ನು ನಾನು ಹೇಳಿಕೊಡಲಿಲ್ಲ. ಮರೆತೆನೋ, ಉಳಿಸಿಕೊಂಡೆನೋ. ಟೈರು ಹಾಗೇ ಇತ್ತು.

ಕುಪ್ಪಗಡ್ಡೆ ರಸ್ತೆಯ ಒಂದು ತಿರುವಿನಲ್ಲಿ ಯಾವುದೋ ಟ್ರ್ಯಾಕ್ಟರ್‌ನಿಂದ ಜಲ್ಲಿ ಚೆಲ್ಲಿತ್ತು. ಬೆಳಿಗ್ಗೆ ಒಂಬತ್ತು ಗಂಟೆ, ಒಳ್ಳೆ ಬೆಳಕು. ಅವನು ಜಲ್ಲಿ ನೋಡಿದ್ದಾನೆ, ಹೆದರಿದ್ದಾನೆ, ಮುಷ್ಟಿ ಬಿಗಿಹಿಡಿದಿದ್ದಾನೆ. ಮುಂದಿನ ಚಕ್ರ ಜಾರಿದೆ. ಬಲಗೈ ಹ್ಯಾಂಡಲ್ಲಿಗೂ ರಸ್ತೆಗೂ ನಡುವೆ ಸಿಕ್ಕಿಕೊಂಡು ಗಾಡಿಯ ಜೊತೆ ಎಳೆದುಕೊಂಡು ಹೋಗಿದೆ. ಹಿಂದೆ ಬರುತ್ತಿದ್ದ ಬಸ್ಸಿನವರು ನಿಲ್ಲಿಸಿ ಎತ್ತಿದ್ದಾರೆ. ಹನ್ನೊಂದು ವರ್ಷ ಅವನು ಓಡಾಡಿದ್ದು ಅದೇ ಬಸ್ಸಿನಲ್ಲಿ. ಕಂಡಕ್ಟರೇ ಅವನ ಫೋನಿನಿಂದ ನನ್ನ ಹೆಂಡತಿಗೆ ಸುದ್ದಿ ಹೇಳಿದ.

ಶಿವಮೊಗ್ಗದ ಆಸ್ಪತ್ರೆಗೆ ನಾವು ಮುಟ್ಟುವ ಹೊತ್ತಿಗೆ ಆಪರೇಷನ್ ನಡೆಯುತ್ತಿತ್ತು. ಮುಂಗೈಗೆ ಪ್ಲೇಟು ಹಾಕಿದರು. ತೋರುಬೆರಳನ್ನು ಉಳಿಸಲು ಆಗಲಿಲ್ಲ, ಎರಡನೇ ಗೆಣ್ಣಿಗೆ ತೆಗೆದರು. ಹೊರಗೆ ಬೆಂಚಿನ ಮೇಲೆ ಹೆಂಡತಿ ನನ್ನನ್ನು ಕೇಳಿದಳು:

“ಅವ್ನಿಗೆ ಇದು ಆಗುತ್ತೆ ಅಂತ ನೀವೇ ಹೇಳಿದ್ರಾ ಏನ್ರೀ?”

ಅತ್ತೆ ಪಕ್ಕದಲ್ಲಿದ್ದರು. ಇಬ್ಬರೂ ನನ್ನ ಮುಖ ನೋಡುತ್ತಿದ್ದರು.

“ನಾನು ಬೇಡ ಅಂದಿದ್ದೆ,” ಎಂದೆ. “ಅವ್ನೇ ಕೇಳ್ಲಿಲ್ಲ.”

ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಹೆಂಡತಿ ನಂಬಿದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಷ್ಟು ಕಲಿಸಿಕೊಟ್ರಿ ಪಾಪ, ನೀವೇನು ಮಾಡ್ತೀರಿ,” ಎಂದು ನನ್ನನ್ನೇ ಸಮಾಧಾನ ಮಾಡಿದರು.

ಮರುದಿನ ಅವನಿಗೆ ಪೂರ್ತಿ ಎಚ್ಚರವಾದ ಮೇಲೆ ಅತ್ತೆ ಹಾಸಿಗೆಯ ಪಕ್ಕ ನಿಂತು ಬಯ್ಯಲು ಶುರುಮಾಡಿದರು. “ಭಾವ ಬೇಡ ಬೇಡ ಅಂದ್ರೂ ಕೇಳ್ಲಿಲ್ವಂತಲ್ಲೋ! ಗೊತ್ತಿದ್ದೋರ ಮಾತು ಕೇಳ್ಬಾರ್ದಾ? ಈಗ ಅನುಭವಿಸು!”

ನಾನು ಕಾಲಕಡೆ ನಿಂತಿದ್ದೆ. ಅವನು ಕತ್ತು ತಿರುಗಿಸಿ ನನ್ನನ್ನು ನೋಡಿದ. ಆಮೇಲೆ ತಾಯಿಗೆ, “ಹೌದಮ್ಮ, ಕೇಳ್ಬೇಕಿತ್ತು,” ಎಂದ.

ಹೆಂಡತಿ, ಅತ್ತೆ ಇಬ್ಬರೂ ಊಟಕ್ಕೆ ಕೆಳಗೆ ಹೋದಾಗ ನಾವಿಬ್ಬರೇ ಉಳಿದೆವು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಹಿಂದಿನಿಂದ ಅವನ ದನಿ ಬಂತು, ಕ್ಲಾಸಿನ ದನಿಯಲ್ಲ.

“ನೀವು ಸಿಟ್ಟಿಗೆ ಆಗುತ್ತೆ ಅಂದಿದ್ದು ಅಂತ ನಂಗೆ ಗೊತ್ತಿತ್ತು ಭಾವ.”

“ಯಾವ ಸಿಟ್ಟು?”

“ಅದು ಗೊತ್ತಿಲ್ಲ. ಆದ್ರೆ ನೀವು ಹಾಗೆ ಹೇಳುವಾಗ ನಿಮ್ಮ ಗೆಳೆಯರು ನಗು ತಡ್ಕೊಂಡಿದ್ರು. ನಾನು ನೋಡಿದೆ.”

“ಮತ್ತೆ ಯಾಕೆ ತಗೊಂಡ್ರಿ?”

“ಬೇಕಿತ್ತು,” ಎಂದ. “ಹನ್ನೊಂದು ವರ್ಷ ಬಸ್ಸಲ್ಲಿ ಊಟದ ಚೀಲ ಎದೆಗವುಚಿಕೊಂಡು ನಿಂತಿದೀನಿ. ಯಾರಾದ್ರೂ ಒಬ್ರು ಆಗುತ್ತೆ ಅನ್ನಲಿ ಅಂತ ಕಾಯ್ತಾ ಇದ್ದೆ. ನೀವು ಅಂದ್ರಿ. ಯಾಕೆ ಅಂದ್ರಿ ಅಂತ ನೋಡೋಕೆ ಹೋಗ್ಲಿಲ್ಲ.”

ಅವನು ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಯೋಚಿಸಿ ಹೇಳಿದ: “ಗಾಡಿದು ಏನೂ ತಪ್ಪಿಲ್ಲ. ಟೈರು, ಚೈನು ಎಲ್ಲ ನಾನೇ ನೋಡಿದ್ದೆ, ಚೆನ್ನಾಗೇ ಇತ್ತು. ಬ್ರೇಕ್ ಹಿಂಡಿದ್ದು ನಂದೇ ಕೈ.”

ಆಗ ಹೇಳಬಹುದಿತ್ತು. ಬಾಯಿ ತೆರೆದದ್ದೂ ನೆನಪಿದೆ. ನರ್ಸ್ ಬಂದು ಇಂಜೆಕ್ಷನ್ ಕೊಡಬೇಕು, ಹೊರಗೆ ಹೋಗಿ ಎಂದಳು. ಹೋದೆ.

ಗಾಡಿಯನ್ನು ನಾನೇ ಟೆಂಪೋದಲ್ಲಿ ಹಾಕಿಸಿಕೊಂಡು ತಂದೆ. ಮಾಡಿದ ಮೊದಲ ಕೆಲಸ ಮುಂದಿನ ಟೈರು ಕಳಚಿದ್ದು. ಪಂಕ್ಚರ್ ಅಂಗಡಿಯವನು ಅದನ್ನು ಕೈಯಲ್ಲಿ ಹಿಡಿದು, ಉಗುರು ಒತ್ತಿ ನೋಡಿ, ನನ್ನ ಮುಖ ನೋಡಿದ. ಅವನಿಗೂ ಕಸುಬು ಗೊತ್ತು. ಅವತ್ತಿನಿಂದ ನನ್ನನ್ನು ಮಹಾಪ್ರಾಣ ಎಂದು ಕರೆಯುವುದನ್ನು ಬಿಟ್ಟ, ಬೇರೆ ಏನೂ ಕರೆಯಲೂ ಇಲ್ಲ. ಟೈರನ್ನು ಗುಜರಿಗೆ ಹಾಕಿದೆ. ಉಳಿದ ಗಾಡಿಯನ್ನು ಬಿಡಿಬಿಡಿಯಾಗಿ ಮಾರಿದೆ.

ಮೇಷ್ಟ್ರು ನಾಲ್ಕು ತಿಂಗಳಿಗೆ ಶಾಲೆಗೆ ಮರಳಿದ. ಸೀಮೆಸುಣ್ಣವನ್ನು ಹೆಬ್ಬೆರಳು, ನಡುಬೆರಳ ನಡುವೆ ಸಿಕ್ಕಿಸಿ ಬರೆಯುತ್ತಾನಂತೆ. ಅಕ್ಷರ ಈಗ ಒಂದನೇ ತರಗತಿಯವರ ಹಾಗೆ, ಮೇಲೆ ಕೆಳಗೆ. ಬಹುಮಾನದ ಪತ್ರಗಳನ್ನು ಯಾರೂ ತರುವುದಿಲ್ಲ. ಕಂಪ್ಯೂಟರಿನಲ್ಲಿ ಮಾಡಿಸಿಕೊಳ್ಳುತ್ತಾರೆ, ಹೇಗೂ ಅದೇ ಸುಲಭ ಎಂದು ಅವನೇ ಅಕ್ಕನ ಹತ್ತಿರ ಹೇಳಿದನಂತೆ.

‘ಆಗುತ್ತೆ’ ಎಂದದ್ದು ನಾನೇ ಎಂದು ಹೆಂಡತಿಗೆ ಒಂದು ದಿನ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು, “ಅಮ್ಮನಿಗೆ ಹೇಳ್ಬೇಡಿ,” ಎಂದಳು, ಅಷ್ಟೇ. ಮತ್ತೆ ಮೊರ ಎತ್ತಿಕೊಂಡಳು. ಟೈರಿನ ಮಾತನ್ನು ಅವಳಿಗೆ ಹೇಳಲಿಲ್ಲ. ಅವನಿಗೂ ಹೇಳಿಲ್ಲ.

ಕಳೆದ ವರ್ಷ ಅವನು ಸೊರಬದ ಯಾವುದೋ ಗ್ಯಾರೇಜಿನಿಂದ ಒಂದು ಸಾಧಾರಣ ಹಳೇ ಬೈಕು ತೆಗೆದುಕೊಂಡ. ನೂರು ಸಿಸಿಯದು, ಸೀಟು ತಗ್ಗು, ಹ್ಯಾಂಡಲ್ ಎತ್ತರ, ಹಾಲಿನವರು ಇಟ್ಟುಕೊಳ್ಳುವಂಥದ್ದು. ನನ್ನನ್ನು ಏನೂ ಕೇಳಲಿಲ್ಲ. ಅಕ್ಕನ ಮನೆಗೆ ಬರಬೇಕಾದರೆ ನನ್ನ ಗ್ಯಾರೇಜಿನ ಮುಂದೆಯೇ ಹಾದುಹೋಗಬೇಕು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ನಾನು ಮನೆಯಲ್ಲಿರದ ಹೊತ್ತು ನೋಡಿಯೇ ಬರುತ್ತಾನೆ. ಯಾವುದಾದರೂ ಇಂಜಿನ್ ಬಿಚ್ಚಿಕೊಂಡು ಕೂತಿರುವಾಗ ಅವನ ಗಾಡಿಯ ಸದ್ದು ಕೇಳುತ್ತದೆ, ಅವನ ಕೈ ಏನು ಮಾಡುತ್ತಿದೆ ಎಂದು ಆ ಸದ್ದಿನಲ್ಲೇ ನನಗೆ ಗೊತ್ತಾಗುತ್ತದೆ. ರಸ್ತೆಯುಬ್ಬಿಗೆ ಮೊದಲೇ ಗೇರು ಇಳಿಸುತ್ತಾನೆ. ಉಳಿದ ಬೆರಳುಗಳಲ್ಲಿ ಬ್ರೇಕನ್ನು ಮೆಲ್ಲಗೆ ಮುಟ್ಟುತ್ತಾನೆ. ಉಬ್ಬು ದಾಟಿದ ಮೇಲೆ ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾನೆ. ಗಾಡಿ ಎಗರುವುದಿಲ್ಲ. ನಾನು ತಲೆ ಎತ್ತುವುದಿಲ್ಲ, ಅವನೂ ಹಾರ್ನ್ ಮಾಡುವುದಿಲ್ಲ.