ನಾಟಕದಾಕೆಯ ಆಕಳಿಕೆ

ತಾಯಿ ತೀರಿಕೊಂಡ ಸುದ್ದಿ ಕೇಳಿದ ಹೆಣ್ಣುಮಗಳು ಕನ್ನಡಿ ಮುಂದೆ ಕುಳಿತು ಮೇಲಿಂದ ಮೇಲೆ ಆಕಳಿಸುತ್ತಿದ್ದಳು. ಎಪ್ಪತ್ತರ ದಶಕದ ಮಾತು. ರಾಮದುರ್ಗಕ್ಕೆ ಬಂದಿದ್ದ ನಾಟಕ ಕಂಪನಿಯ ಹಾಡುಗಾರ್ತಿ ಆಕೆ, ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದಳು. ಮಧ್ಯಾಹ್ನ ತಂತಿ ಬಂದಿತ್ತು. ಅವರೂರಿನ ಬಸ್ಸು ಮರುದಿನ ಬೆಳಿಗ್ಗೆಯೇ. ಸಂಜೆಯ ಆಟ ನಿಲ್ಲುವಂತಿರಲಿಲ್ಲ.

ಚಹಾ ಕೊಡಲು ಹೋದವಳು ತಡೆಯಲಾರದೆ, "ನಿದ್ದಿ ಬರಾಕತ್ತೈತೇನ್ರಿ ಅಕ್ಕಾರ?" ಎಂದೆ.

ಆಕೆ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಇಲ್ಲ ತಂಗೀ. ಅಳು ಬಂದ್ರ ಗಂಟಲ ಬಿಗೀತೈತಿ. ಆಕಳಿಸಿದ್ರ ಒಳಗ ಜಾಗ ಆಗತೈತಿ. ಹಿಂದ ನೆಲದ ಮ್ಯಾಲ ಕುಂತವರಿಗೂ ಹಾಡು ಕೇಳಬೇಕಲ್ಲ?" ಎಂದು ದವಡೆ ಇಳಿಬಿಟ್ಟು, ನಾಲಿಗೆ ಚಪ್ಪಟೆ ಮಾಡಿ ಮತ್ತೆ ಬಾಯಿ ತೆರೆದಳು.

ಸಂಜೆ ಆಕೆಯ ದನಿ ಥೇಟರಿನ ತಗಡಿನ ಗೋಡೆ ದಾಟಿ ನಮ್ಮ ಕಟ್ಟೆಯವರೆಗೂ ಕೇಳಿತು. ಎಲ್ಲಿಯೂ ನಡುಗಲಿಲ್ಲ.

ವರ್ಷಗಳ ಮೇಲೆ ನಮ್ಮವ್ವ ತೀರಿದಾಗ, ದೂರದಲ್ಲಿದ್ದ ತಮ್ಮನಿಗೆ ಫೋನಿನಲ್ಲಿ ಹೇಳಬೇಕಾದವಳು ನಾನೇ. ದನಿ ಹೊರಡಲಿಲ್ಲ. ರಿಸೀವರ್ ಹಿಡಿದುಕೊಂಡೇ ಆಕಳಿಸಿದೆ. ಸುತ್ತಲಿದ್ದವರು ಮುಖ ಮುಖ ನೋಡಿಕೊಂಡರು. ಮತ್ತೊಮ್ಮೆ ಆಕಳಿಸಿ, ತಮ್ಮನ ಹೆಸರು ಹಿಡಿದು ಕರೆದೆ.